ಔಷಧೀಯ ಸಸ್ಯಗಳ ಸಸಿಗಳಿಗೆ ಬೇರು ಕೊಳೆ ರೋಗ: ಬಿತ್ತನೆಗೂ ನಾಟಿಗೂ ಮೊದಲಿನ ಉಪಚಾರಗಳು

ಪ್ರಶ್ನೆ: ಅಶ್ವಗಂಧ, ನೆಲಬೇವು ಮತ್ತು ಮಾಕಂದಿ ಬೇರು (ಕೋಲಿಯಸ್) ಸಸಿಗಳನ್ನು ನಾನೇ ಬೆಳೆಸಿ ನಾಟಿ ಮಾಡುತ್ತೇನೆ. ಕಳೆದ ಬಾರಿ ಸಸಿಮಡಿಯಲ್ಲೇ ಅರ್ಧದಷ್ಟು ಸಸಿಗಳು ಬುಡ ಕೊಳೆತು ನೆಲಕ್ಕೆ ಒರಗಿದವು. ಉಳಿದವುಗಳಲ್ಲಿ ಹಲವು, ಹೊಲಕ್ಕೆ ಹೋದ ಒಂದು ತಿಂಗಳೊಳಗೆ ಸೊರಗಿ ಒಣಗಿದವು. ಕಾರ್ಬೆಂಡಜಿಮ್ ದ್ರಾವಣದಲ್ಲಿ ಬೇರು ಅದ್ದಿ ನೆಡಿ ಎಂದು ಕೆಲವರು ಹೇಳುತ್ತಾರೆ, ಟ್ರೈಕೋಡರ್ಮಾ ಸಾಕು ಎಂದು ಕೆಲವರು, ಎರಡನ್ನೂ ಸೇರಿಸಿ ಕೊಡಿ ಎಂದು ಇನ್ನು ಕೆಲವರು. ನಾಟಿಗೆ ಮೊದಲು ಏನೇನು ಮಾಡಬೇಕು, ಯಾವ ಕ್ರಮದಲ್ಲಿ ಮಾಡಬೇಕು?

ಉತ್ತರ: ನಿಮ್ಮ ಪ್ರಶ್ನೆಯಲ್ಲಿರುವ ಮೂರನೆಯ ಸಲಹೆಯನ್ನು ಮೊದಲು ಪಕ್ಕಕ್ಕಿಡೋಣ. ಕಾರ್ಬೆಂಡಜಿಮ್ ಮತ್ತು ಟ್ರೈಕೋಡರ್ಮಾವನ್ನು ಒಂದೇ ದ್ರಾವಣದಲ್ಲಿ ಬೆರೆಸಬಾರದು, ಒಂದೇ ದಿನ ಒಂದೇ ಮಣ್ಣಿಗೆ ಕೊಡಲೂಬಾರದು. ಟ್ರೈಕೋಡರ್ಮಾ ಒಂದು ಜೀವಂತ ಶಿಲೀಂಧ್ರ, ಕಾರ್ಬೆಂಡಜಿಮ್ ಶಿಲೀಂಧ್ರನಾಶಕ. ನೀವು ಹಣ ಕೊಟ್ಟು ತಂದ ಮಿತ್ರ ಶಿಲೀಂಧ್ರವನ್ನು ನೀವೇ ಬಕೆಟ್ಟಿನಲ್ಲಿ ಕೊಂದಂತಾಗುತ್ತದೆ. ಇನ್ನೂ ಮುಖ್ಯವಾದ ಸಂಗತಿಯೆಂದರೆ, ಎಳೆಯ ಸಸಿಗಳನ್ನು ಬುಡದಲ್ಲಿ ಕೊಳೆಸುವ ಪಿಥಿಯಂ ಮತ್ತು ಫೈಟೊಫ್ತೊರಾ ಎಂಬ ರೋಗಾಣುಗಳ ಮೇಲೆ ಕಾರ್ಬೆಂಡಜಿಮ್ ಕೆಲಸವನ್ನೇ ಮಾಡುವುದಿಲ್ಲ. ಅವು ನೋಟಕ್ಕೆ ಶಿಲೀಂಧ್ರದಂತಿದ್ದರೂ ನಿಜವಾದ ಶಿಲೀಂಧ್ರಗಳಲ್ಲ. ನೀರಿನಲ್ಲಿ ಈಜುವ ಬೀಜಕಣಗಳನ್ನು ಹುಟ್ಟಿಸುವ ಬೇರೆಯೇ ಗುಂಪಿಗೆ ಸೇರಿದವು. ಅವುಗಳಿಗೆ ಪೈಪೋಟಿ ಕೊಡುತ್ತಿದ್ದ ಉಳಿದ ಶಿಲೀಂಧ್ರಗಳು ಕಾರ್ಬೆಂಡಜಿಮ್‌ನಿಂದ ಸತ್ತಾಗ ಪಿಥಿಯಂ ಹಾವಳಿ ಇನ್ನಷ್ಟು ಹೆಚ್ಚುವುದೂ ಉಂಟು. ಹೀಗಾಗಿ ರೋಗ ಯಾವುದೆಂದು ತಿಳಿಯದೆ ಔಷಧಿ ಆರಿಸುವುದು ಕೇವಲ ವ್ಯರ್ಥವಲ್ಲ, ಕೆಲವೊಮ್ಮೆ ಹಾನಿಕರವೂ ಹೌದು.

ಆದ್ದರಿಂದ ಉಪಚಾರಕ್ಕೆ ಕೈಹಾಕುವ ಮುನ್ನ ಸತ್ತ ಸಸಿಗಳನ್ನು ಓದಿಕೊಳ್ಳುವುದನ್ನು ಕಲಿಯಬೇಕು. ಪೂರ್ತಿ ಒಣಗಿದ ಸಸಿಯಿಂದ ಏನೂ ತಿಳಿಯುವುದಿಲ್ಲ, ಏಕೆಂದರೆ ಅದರ ಮೇಲೆ ಆಗಲೇ ಕೊಳೆತಿನಿ ಶಿಲೀಂಧ್ರಗಳೆಲ್ಲ ಮುತ್ತಿಕೊಂಡಿರುತ್ತವೆ. ಈಗಷ್ಟೇ ಬಾಡತೊಡಗಿದ ಸಸಿಯನ್ನು ಮಣ್ಣಿನ ಹೆಂಟೆಯ ಸಮೇತ ಎತ್ತಿ, ಅಗಲವಾದ ಪಾತ್ರೆಯ ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಮಣ್ಣು ತಾನಾಗಿ ಕಳಚಿಕೊಂಡ ಮೇಲೆ ಬೇರನ್ನು ಬಿಳಿಯ ತಟ್ಟೆಯ ಮೇಲೆ ಹರಡಿ ನೋಡಿ. ಒಂದು ಎಳೆ ಬೇರನ್ನು ಎರಡು ಬೆರಳ ನಡುವೆ ಹಿಡಿದು ಮೆಲ್ಲಗೆ ಎಳೆದಾಗ ಹೊರಗಿನ ಕಂದು ಸಿಪ್ಪೆ ಜಾರಿ ಕೈಗೆ ಬಂದು, ಒಳಗಿನ ಬಿಳಿಯ ದಾರದಂಥ ಎಳೆ ಮಾತ್ರ ಉಳಿದರೆ ಅದು ಬಹುಮಟ್ಟಿಗೆ ಪಿಥಿಯಂ. ಬೇರು ಗಟ್ಟಿಯಾಗಿಯೇ ಇದ್ದು, ಮಣ್ಣಿನ ಮಟ್ಟದಲ್ಲಿ ಕಾಂಡದ ಮೇಲೆ ಕೆಂಗಂದು ಬಣ್ಣದ, ಒಳಕ್ಕೆ ತಗ್ಗಿದ ಒಣ ಗಾಯವಿದ್ದರೆ ರೈಜೋಕ್ಟೋನಿಯಾ ಎಂಬ ಶಿಲೀಂಧ್ರ ಇರಬೇಕು. ಬುಡದ ಸುತ್ತ ಬಿಳಿಯ ನೂಲಿನಂಥ ಬೆಳವಣಿಗೆಯೂ ಅದರ ನಡುವೆ ಸಾಸಿವೆ ಗಾತ್ರದ ಕಂದು ಗುಂಡುಗಳೂ ಕಂಡರೆ ಅದು ಸ್ಕ್ಲೆರೋಷಿಯಂ ಎಂಬ ಶಿಲೀಂಧ್ರ. ಕಾಂಡವನ್ನು ಉದ್ದುದ್ದಕ್ಕೆ ಸೀಳಿದಾಗ ಒಳನಾಳಗಳು ಕಂದಾಗಿದ್ದರೆ ಫ್ಯುಸೇರಿಯಂ ಸೊರಗು ರೋಗವನ್ನು ಶಂಕಿಸಬೇಕು. ಬೇರಿನ ತುಂಬ ಸಣ್ಣ ದೊಡ್ಡ ಗಂಟುಗಳಿದ್ದರೆ ಬೇರುಗಂಟು ಜಂತುಹುಳು ಸೇರಿಕೊಂಡಿದೆ ಎಂದರ್ಥ.

ಇನ್ನೊಂದು ಪರೀಕ್ಷೆಯನ್ನು ಕೋಲಿಯಸ್ ಬೆಳೆಯುವವರು ತಪ್ಪದೆ ಮಾಡಬೇಕು. ಎಲೆ ಹಸಿರಾಗಿರುವಾಗಲೇ ಗಿಡ ದಿಢೀರನೆ ಜೋತುಬಿದ್ದರೆ, ಬುಡದ ಕಾಂಡವನ್ನು ಓರೆಯಾಗಿ ಕತ್ತರಿಸಿ, ತಿಳಿನೀರು ತುಂಬಿದ ಗಾಜಿನ ಲೋಟದಲ್ಲಿ ಕತ್ತರಿಸಿದ ತುದಿ ಮಾತ್ರ ಮುಳುಗುವಂತೆ ಹಿಡಿಯಿರಿ. ಲೋಟವನ್ನು ಅಲುಗಾಡಿಸಬಾರದು. ಕೆಲವೇ ನಿಮಿಷಗಳಲ್ಲಿ ಹಾಲಿನಂಥ ತೆಳುವಾದ ಎಳೆಗಳು ಕೆಳಕ್ಕೆ ಇಳಿಯತೊಡಗಿದರೆ ಅದು ರಾಲ್ಸ್ಟೋನಿಯಾ ಎಂಬ ಬ್ಯಾಕ್ಟೀರಿಯಾದಿಂದ ಬರುವ ದುಂಡಾಣು ಸೊರಗು ರೋಗ. ಇದಕ್ಕೆ ಯಾವ ಶಿಲೀಂಧ್ರನಾಶಕವೂ ಉತ್ತರವಲ್ಲ. ಆ ನೆಲದಲ್ಲಿ ಆ ಬೆಳೆಯನ್ನು ಕೆಲವು ವರ್ಷ ಬಿಡುವುದೇ ಸರಿಯಾದ ನಿರ್ಧಾರ, ಮತ್ತು ಆ ತೋಟದ ಗಿಡಗಳಿಂದ ನೆಡುವ ಕಡ್ಡಿ ತೆಗೆಯುವುದನ್ನಂತೂ ಕೂಡಲೇ ನಿಲ್ಲಿಸಬೇಕು.

ಔಷಧೀಯ ಸಸ್ಯಗಳಲ್ಲಿ ಈ ತೊಂದರೆ ತರಕಾರಿ ಸಸಿಗಳಿಗಿಂತ ಹೆಚ್ಚಾಗಿ ಕಾಣುವುದಕ್ಕೆ ಕಾರಣಗಳಿವೆ. ಇವುಗಳಲ್ಲಿ ಬಹುಪಾಲು ಕಾಡಿನಿಂದ ಹೊಲಕ್ಕೆ ಇತ್ತೀಚೆಗೆ ಬಂದ ಗಿಡಗಳು. ರೋಗನಿರೋಧಕ ತಳಿಗಳ ಆಯ್ಕೆ ಅಷ್ಟಾಗಿ ನಡೆದಿಲ್ಲ. ಬೀಜಗಳು ಒಮ್ಮೆಲೇ ಮೊಳೆಯುವುದಿಲ್ಲ. ನೆಲಬೇವಿನ ಬೀಜದಲ್ಲಿ ಸುಪ್ತಾವಸ್ಥೆ ಇರುವುದರಿಂದ ಅದು ಒದ್ದೆ ಮಣ್ಣಿನಲ್ಲಿ ದಿನಗಟ್ಟಲೆ ಕಾಯುತ್ತದೆ. ಹಾಗೆ ಕಾಯುವ ಪ್ರತಿ ದಿನವೂ ರೋಗಾಣುವಿಗೆ ಸಿಕ್ಕ ಅವಕಾಶ. ಇನ್ನು ಅಶ್ವಗಂಧ ಮತ್ತು ಕೋಲಿಯಸ್‌ನಲ್ಲಿ ಬೇರೇ ಫಸಲು. ಬೇರಿಗೆ ತಗುಲಿದ ರೋಗ ನೇರವಾಗಿ ಉತ್ಪನ್ನಕ್ಕೇ ತಗುಲಿದ ರೋಗ, ಬೇರಿಗೆ ಹಾಕಿದ ರಾಸಾಯನಿಕವೂ ಔಷಧಿ ಸೇವಿಸುವ ರೋಗಿಯ ಹೊಟ್ಟೆಗೆ ಹತ್ತಿರವಾದ ರಾಸಾಯನಿಕ. ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿ ಪ್ರಕಟಿಸಿದ ಔಷಧೀಯ ಸಸ್ಯಗಳ ಉತ್ತಮ ಕೃಷಿ ಮತ್ತು ಸಂಗ್ರಹಣಾ ಪದ್ಧತಿಗಳ ಮಾರ್ಗಸೂಚಿಯು ಕೃಷಿ ರಾಸಾಯನಿಕಗಳನ್ನು ಕನಿಷ್ಠ ಮಟ್ಟದಲ್ಲಿಡಬೇಕು, ಬೇರೆ ದಾರಿ ಇಲ್ಲದಾಗ ಮಾತ್ರ ಬಳಸಬೇಕು ಎನ್ನುವುದು ಇದೇ ಕಾರಣಕ್ಕೆ. ಆ ಮಾತನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ.

ಹಾಗಾದರೆ ಬೇರೆ ದಾರಿ ಯಾವುದು? ನಾಟಿಪೂರ್ವ ಉಪಚಾರವೆಂದರೆ ಮಣ್ಣಿನಲ್ಲಿರುವುದನ್ನೆಲ್ಲ ಕೊಲ್ಲುವುದು ಎಂಬ ತಿಳಿವಳಿಕೆ ವ್ಯಾಪಕವಾಗಿದೆ. ನನ್ನ ದೃಷ್ಟಿಯಲ್ಲಿ ಅದು ಅರ್ಧ ಕೆಲಸ ಮಾತ್ರ. ಮೊಳಕೆಯೊಡೆದ ಬೇರಿನ ತುದಿಯಿಂದ ಸಕ್ಕರೆ ಮತ್ತು ಅಮೈನೋ ಆಮ್ಲಗಳು ಒಸರುತ್ತವೆ, ಅವುಗಳ ವಾಸನೆ ಹಿಡಿದು ಸುತ್ತಲಿನ ಸೂಕ್ಷ್ಮಜೀವಿಗಳು ಧಾವಿಸುತ್ತವೆ. ಮೊದಲು ಬಂದು ಬೇರಿನ ಮೇಲೆ ನೆಲೆಸಿದವರಿಗೆ ಆಹಾರವೂ ಜಾಗವೂ ದಕ್ಕುತ್ತದೆ. ಮಣ್ಣನ್ನು ಬರಿದು ಮಾಡಿ ಹಾಗೆಯೇ ಬಿಟ್ಟರೆ ಅದು ಬಾಗಿಲು ತೆರೆದಿಟ್ಟ ಖಾಲಿ ಮನೆಯಂತಾಗುತ್ತದೆ. ಕಾಲುವೆಯ ನೀರಿನಲ್ಲೋ ಕೊಳಕು ಗುದ್ದಲಿಯಲ್ಲೋ ಬಂದ ಸ್ವಲ್ಪ ಪಿಥಿಯಂ ಅಂಥ ಮಣ್ಣಿನಲ್ಲಿ, ಉಪಚಾರವನ್ನೇ ಮಾಡದ ಮಣ್ಣಿಗಿಂತ ವೇಗವಾಗಿ ಹಬ್ಬುತ್ತದೆ. ಹೀಗಾಗಿ ರೋಗಾಣುಗಳ ಸಂಖ್ಯೆಯನ್ನು ತಗ್ಗಿಸುವ ಉಪಚಾರ ಮೊದಲು, ಮಿತ್ರಜೀವಿಗಳನ್ನು ನೆಲೆಗೊಳಿಸುವ ಉಪಚಾರ ಅದರ ಬೆನ್ನಿಗೇ, ಬೀಜ ಅಥವಾ ಕಡ್ಡಿ ಆಮೇಲೆ. ಈ ಸರದಿ ತಪ್ಪಿದರೆ ಒಳ್ಳೆಯ ಸಾಮಗ್ರಿಯೂ ಫಲ ಕೊಡುವುದಿಲ್ಲ.

ರೋಗಾಣುಗಳನ್ನು ತಗ್ಗಿಸುವುದಕ್ಕೆ ಸಸಿಮಡಿಯ ಮಟ್ಟದಲ್ಲಿ ಸೂರ್ಯನ ಶಾಖಕ್ಕಿಂತ ಮಿಗಿಲಾದ ಸಾಧನ ನನಗೆ ತಿಳಿದಂತೆ ಇಲ್ಲ. ಮಣ್ಣಿನ ಸೌರೀಕರಣ ಎನ್ನುವ ಈ ಪದ್ಧತಿಯನ್ನು ಇಸ್ರೇಲಿನ ವಿಜ್ಞಾನಿ ಕಟಾನ್ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದರು. ಮಡಿಯನ್ನು ಹದವಾಗಿ ಅಗೆದು, ಹೆಂಟೆ ಒಡೆದು, ಸಮ ಮಾಡಿ, ಒಂದು ಅಡಿ ಆಳದವರೆಗೆ ನೀರು ಇಳಿಯುವಂತೆ ತೋಯಿಸಿ, 25ರಿಂದ 50 ಮೈಕ್ರಾನ್ ದಪ್ಪದ ಪಾರದರ್ಶಕ ಪಾಲಿಥಿನ್ ಹಾಳೆಯನ್ನು ಮಣ್ಣಿಗೆ ಅಂಟಿಕೊಳ್ಳುವಂತೆ ಹೊದಿಸಿ, ಅಂಚುಗಳನ್ನು ಮಣ್ಣಿನಲ್ಲಿ ಹೂತು, ವರ್ಷದ ಅತಿ ಬಿಸಿಲಿನ ಕಾಲದಲ್ಲಿ 4ರಿಂದ 6 ವಾರ ಬಿಡಬೇಕು. ಇಲ್ಲಿ ಎರಡು ತಪ್ಪುಗಳು ಮತ್ತೆ ಮತ್ತೆ ಆಗುತ್ತವೆ. ಕಪ್ಪು ಹಾಳೆ ಹೆಚ್ಚು ಬಿಸಿಯಾಗುತ್ತದೆ ಎಂಬ ನಂಬಿಕೆ ಒಂದು; ಕಪ್ಪು ಹಾಳೆ ತಾನು ಬಿಸಿಯಾಗುತ್ತದೆಯೇ ಹೊರತು ಬಿಸಿಲನ್ನು ಮಣ್ಣಿಗೆ ಬಿಡುವುದಿಲ್ಲ. ಒಣ ಮಣ್ಣಿಗೆ ಹೊದಿಸುವುದು ಇನ್ನೊಂದು. ತೇವವಿದ್ದಾಗ ಶಾಖ ಆಳಕ್ಕೆ ಇಳಿಯುತ್ತದೆ, ಸುಪ್ತವಾಗಿದ್ದ ರೋಗಾಣುಗಳು ಎಚ್ಚೆತ್ತು ಶಾಖಕ್ಕೆ ಸುಲಭವಾಗಿ ಬಲಿಯಾಗುತ್ತವೆ.

ಸರಿಯಾಗಿ ಮಾಡಿದ ಸೌರೀಕರಣದಲ್ಲಿ 5 ಸೆಂ.ಮೀ. ಆಳದ ಮಣ್ಣು 42ರಿಂದ 55 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿಯಾದರೆ, 45 ಸೆಂ.ಮೀ. ಆಳದಲ್ಲಿ ಅದು 32ರಿಂದ 37 ಡಿಗ್ರಿಯನ್ನಷ್ಟೇ ಮುಟ್ಟುತ್ತದೆ. ಈ ಎರಡು ಅಂಕಿಗಳ ನಡುವಿನ ಅಂತರದಲ್ಲೇ ಮುಂದಿನ ಎಚ್ಚರಿಕೆ ಅಡಗಿದೆ: ಹಾಳೆ ತೆಗೆದ ಮೇಲೆ ಮಡಿಯನ್ನು ಮತ್ತೆ ಆಳವಾಗಿ ಅಗೆಯಬಾರದು. ಅಗೆದರೆ ಕೆಳಗಿನ ಬದುಕಿರುವ ರೋಗಾಣುಗಳನ್ನು ನೀವೇ ಮೇಲಕ್ಕೆ ತಂದಂತೆ. ಆದ್ದರಿಂದ ಮಡಿಯ ಆಕಾರ, ಎತ್ತರ, ಬಸಿಗಾಲುವೆ ಎಲ್ಲವನ್ನೂ ಹೊದಿಸುವ ಮುನ್ನವೇ ಮುಗಿಸಿಡಿ. ಪಿಥಿಯಂ, ರೈಜೋಕ್ಟೋನಿಯಾ, ಸ್ಕ್ಲೆರೋಷಿಯಂಗಳ ಮೇಲೆ ಈ ಶಾಖ ಚೆನ್ನಾಗಿ ಕೆಲಸ ಮಾಡುತ್ತದೆ. ಬಿಸಿ ಮಣ್ಣಿಗೆ ಒಗ್ಗಿಕೊಂಡ, ಇದ್ದಿಲು ಕೊಳೆ ತರುವ ಮ್ಯಾಕ್ರೋಫೋಮಿನಾ ಮಾತ್ರ ಸುಲಭಕ್ಕೆ ಬಗ್ಗುವುದಿಲ್ಲ. ಬೇರುಗಂಟು ಜಂತುಹುಳುಗಳೂ ಕೆಳಪದರಕ್ಕೆ ಸರಿದು ಒಂದಷ್ಟು ಉಳಿದುಕೊಳ್ಳುತ್ತವೆ. ಟ್ರೈಕೋಡರ್ಮಾ ಮತ್ತು ಬ್ಯಾಸಿಲಸ್‌ನಂಥ ಮಿತ್ರಜೀವಿಗಳು ಈ ಶಾಖವನ್ನು ತಾಳಿಕೊಂಡು ಅಥವಾ ಬೇಗ ಚೇತರಿಸಿಕೊಂಡು ಮತ್ತೆ ಹಬ್ಬುತ್ತವೆ ಎಂಬುದು ಈ ಪದ್ಧತಿಯ ದೊಡ್ಡ ಗುಣ.

ಟ್ರೇ ಅಥವಾ ಪಾಲಿಥಿನ್ ಚೀಲಗಳಲ್ಲಿ ಸಸಿ ಮಾಡುವವರಿಗೆ ಕೆಲಸ ಇನ್ನೂ ಸುಲಭ, ಏಕೆಂದರೆ ಮಣ್ಣಿನ ಪ್ರಮಾಣ ಕಡಿಮೆ. ತೇವ ಮಾಡಿದ ಮಿಶ್ರಣವನ್ನು ಪಾರದರ್ಶಕ ಚೀಲಗಳಲ್ಲಿ ತೆಳುವಾಗಿ ತುಂಬಿ, ಅದರ ಮೇಲೆ ಅಂತರ ಬಿಟ್ಟು ಇನ್ನೊಂದು ಪಾರದರ್ಶಕ ಹಾಳೆ ಹೊದಿಸಿ ಬಿಸಿಲಿಗಿಟ್ಟರೆ ಉಷ್ಣತೆ ಮಡಿಗಿಂತ ಬಹಳ ಮೇಲೇರುತ್ತದೆ. ಮಿಶ್ರಣದ ನಟ್ಟನಡುವೆ 70 ಡಿಗ್ರಿ 30 ನಿಮಿಷ, ಇಲ್ಲವೇ 60 ಡಿಗ್ರಿ ಒಂದು ಗಂಟೆ ನಿಂತರೆ ಸಾಕು. ಹಬೆ ಬಳಸುವ ಅನುಕೂಲವಿರುವವರು 60 ಡಿಗ್ರಿಯಲ್ಲಿ 30 ನಿಮಿಷ ಕೊಟ್ಟರೂ ಬಹುತೇಕ ರೋಗಾಣುಗಳು ಸಾಯುತ್ತವೆ. ಹೆಚ್ಚು ಶಾಖ ಕೊಟ್ಟಷ್ಟೂ ಒಳ್ಳೆಯದು ಎಂದು ಮಿಶ್ರಣವನ್ನು ಬೇಯಿಸಿಬಿಡುವುದು ತಪ್ಪು. 85 ಡಿಗ್ರಿ ದಾಟಿದರೆ ಮಿತ್ರಜೀವಿಗಳೆಲ್ಲ ನಾಶವಾಗುವುದಲ್ಲದೆ ಅಮೋನಿಯಾ ಮತ್ತು ಮ್ಯಾಂಗನೀಸ್ ಬಿಡುಗಡೆಯಾಗಿ ಎಳೆ ಬೇರು ಸುಡುತ್ತದೆ. ಹಳೆಯ ಟ್ರೇಗಳನ್ನು ಮೊದಲು ಮಣ್ಣು ಹೋಗುವಂತೆ ಉಜ್ಜಿ ತೊಳೆದು, ಅನಂತರ ಶೇ. 0.5ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಹತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಮುಳುಗಿಸಿಡಬೇಕು. ಮಣ್ಣು ಅಂಟಿಕೊಂಡೇ ಇದ್ದರೆ ಕ್ಲೋರಿನ್ ಆ ಮಣ್ಣಿನಲ್ಲೇ ಖರ್ಚಾಗಿಹೋಗುತ್ತದೆ.

ಬಿಸಿಲು ಸಾಲದ ಕಾಲದಲ್ಲಿ ಸಾಸಿವೆ ಜಾತಿಯ ಗಿಡಗಳನ್ನು ಬೆಳೆಸಿ, ಹೂ ಬಿಡುವ ಹೊತ್ತಿಗೆ ಸಣ್ಣಗೆ ಕೊಚ್ಚಿ, ಕೊಚ್ಚಿದ ತಕ್ಷಣ ಮಣ್ಣಿಗೆ ಸೇರಿಸಿ, ನೀರುಣಿಸಿ, ಹಾಳೆ ಹೊದಿಸುವ ಕ್ರಮವೂ ಇದೆ. ಸಸ್ಯದ ಜೀವಕೋಶ ಒಡೆದಾಗ ಹೊರಬರುವ ಘಾಟು ಅನಿಲ ರೋಗಾಣುಗಳನ್ನು ತಗ್ಗಿಸುತ್ತದೆ, ಆದರೆ ಅದೇ ಅನಿಲ ಬೀಜಕ್ಕೂ ವಿಷ. ಆದ್ದರಿಂದ ಬಿತ್ತನೆಗೆ ಮುನ್ನ 2ರಿಂದ 3 ವಾರ ಬಿಡುವು ಬೇಕೇ ಬೇಕು. ಫಲಿತಾಂಶ ಸೌರೀಕರಣದಷ್ಟು ಖಚಿತವಲ್ಲವೆಂದು ನನ್ನ ಅಭಿಪ್ರಾಯ.

ಈಗ ಮಿತ್ರಜೀವಿಗಳನ್ನು ನೆಲೆಗೊಳಿಸುವ ವಿಷಯ. ಬೆಳೆಗಾರರು ಅತಿ ಹೆಚ್ಚು ಅವಸರ ಮಾಡುವುದು ಇಲ್ಲಿಯೇ. ಟ್ರೈಕೋಡರ್ಮಾ ಇತರ ಶಿಲೀಂಧ್ರಗಳ ಎಳೆಗಳನ್ನು ಸುತ್ತಿಕೊಂಡು ತಿನ್ನುತ್ತದೆ ಎಂಬುದನ್ನು ವೈಂಡ್ಲಿಂಗ್ ಎಂಬ ವಿಜ್ಞಾನಿ 1932ರಲ್ಲೇ ರೈಜೋಕ್ಟೋನಿಯಾದ ಮೇಲೆ ತೋರಿಸಿದ್ದರು. ಆದರೆ ಪೊಟ್ಟಣದ ಪುಡಿಯನ್ನು ನೇರವಾಗಿ ಒಣ ಮಣ್ಣಿಗೆ ಎರಚಿದರೆ ಅದು ಹಸಿವಿನಿಂದ ಸಾಯುತ್ತದೆ. ಅದಕ್ಕೆ ಮೊದಲು ಆಹಾರ ಬೇಕು. ಚೆನ್ನಾಗಿ ಕಳಿತ 90 ಕೆ.ಜಿ. ಕೊಟ್ಟಿಗೆ ಗೊಬ್ಬರಕ್ಕೆ 10 ಕೆ.ಜಿ. ಪುಡಿ ಮಾಡಿದ ಬೇವಿನ ಹಿಂಡಿ ಸೇರಿಸಿ, 1ರಿಂದ 2 ಕೆ.ಜಿ. ಟ್ರೈಕೋಡರ್ಮಾ ಪುಡಿಯನ್ನು ಸಮನಾಗಿ ಬೆರೆಸಿ, ಹಿಡಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು ಆದರೆ ನೀರು ತೊಟ್ಟಿಕ್ಕಬಾರದು ಎನ್ನುವಷ್ಟು ನೀರು ಚಿಮುಕಿಸಿ, ನೆರಳಿನಲ್ಲಿ ಮೊಣಕಾಲೆತ್ತರದ ಗುಡ್ಡೆ ಮಾಡಿ, ಒದ್ದೆ ಗೋಣಿಚೀಲ ಮುಚ್ಚಿ. ನಾಲ್ಕೈದು ದಿನಕ್ಕೆ ಗೋಣಿ ಸರಿಸಿದಾಗ ಗುಡ್ಡೆಯ ಮೇಲೆ ಮೊದಲು ಬಿಳಿಯ ಎಳೆಗಳು, ಬರುಬರುತ್ತಾ ಹಸಿರು ಪುಡಿಯಂಥ ಬೆಳವಣಿಗೆ ಕಾಣಬೇಕು. ವಾರಕ್ಕೊಮ್ಮೆ ತಿರುವಿ ಹಾಕಿ, ಒಣಗಿದ್ದರೆ ನೀರು ಚಿಮುಕಿಸಿ. ಸುಮಾರು ಎರಡು ವಾರಕ್ಕೆ ಗೊಬ್ಬರ ಸಿದ್ಧ. ಕೈಯಿಟ್ಟಾಗ ಗುಡ್ಡೆಯೊಳಗೆ ಸುಡುವಷ್ಟು ಬಿಸಿ ಇದ್ದರೆ ಗೊಬ್ಬರ ಇನ್ನೂ ಕಳಿತಿಲ್ಲವೆಂದು ಅರ್ಥ, ಆ ಬಿಸಿಗೆ ಟ್ರೈಕೋಡರ್ಮಾ ಬದುಕುವುದಿಲ್ಲ. ಅರ್ಧ ಕಳಿತ ಗೊಬ್ಬರ ಇನ್ನೊಂದು ರೀತಿಯಲ್ಲೂ ಕೆಟ್ಟದ್ದು: ಪಿಥಿಯಂ ಮತ್ತು ಸ್ಕ್ಲೆರೋಷಿಯಂ ಎರಡಕ್ಕೂ ಅದು ಮೆಚ್ಚಿನ ಆಹಾರ.

ಪೊಟ್ಟಣ ಕೊಳ್ಳುವಾಗ ತಯಾರಿಸಿದ ದಿನಾಂಕವನ್ನೂ ಪ್ರತಿ ಗ್ರಾಂನಲ್ಲಿರುವ ಜೀವಕಣಗಳ ಸಂಖ್ಯೆಯನ್ನೂ ನೋಡಿ. ಗ್ರಾಂಗೆ ಕನಿಷ್ಠ 20 ಲಕ್ಷ ಇರಬೇಕು. ಈ ಪುಡಿಯ ಆಯುಸ್ಸು ಕೆಲವೇ ತಿಂಗಳು. ಗುಡ್ಡೆಯಲ್ಲಿ ಹಸಿರು ಬೆಳವಣಿಗೆ ಕಾಣದಿದ್ದರೆ ಪುಡಿ ಸತ್ತಿದೆ ಎಂದು ತಿಳಿದು ಹೊಸದನ್ನು ತನ್ನಿ. ಸೌರೀಕರಣದ ಹಾಳೆ ತೆಗೆದು ಮೂರು ನಾಲ್ಕು ದಿನಗಳಲ್ಲಿ, ಮಣ್ಣು ತಣಿದ ಮೇಲೆ, ಈ ಗೊಬ್ಬರವನ್ನು ಚದರ ಮೀಟರಿಗೆ 1ರಿಂದ 2 ಕೆ.ಜಿ.ಯಂತೆ ಹರಡಿ, ಮೇಲಿನ 5 ಸೆಂ.ಮೀ. ಪದರದಲ್ಲಷ್ಟೇ ಕೈಯಾಡಿಸಿ ಬೆರೆಸಿ, ತೇವ ಆರದಂತೆ ಒಂದು ವಾರ ಬಿಟ್ಟು ಬಿತ್ತಬೇಕು. ಇದರ ಜೊತೆಗೆ ಸುಣ್ಣ, ಬೂದಿ, ಯೂರಿಯಾ ಯಾವುದನ್ನೂ ಬೆರೆಸಬೇಡಿ.

ಬಿತ್ತುವ ಮೊದಲು ಮಡಿ ನಿಜಕ್ಕೂ ಸಿದ್ಧವಾಗಿದೆಯೇ ಎಂದು ತಿಳಿಯುವುದಕ್ಕೆ ಒಂದು ಸರಳ ಪರೀಕ್ಷೆಯಿದೆ. ಉಪಚಾರ ಮಾಡಿದ ಮಣ್ಣನ್ನು ಒಂದು ಕುಂಡದಲ್ಲಿ, ಮಾಡದ ಮಣ್ಣನ್ನು ಇನ್ನೊಂದು ಕುಂಡದಲ್ಲಿ ತುಂಬಿ, ಎರಡರಲ್ಲೂ ಹತ್ತತ್ತು ಸೌತೆ ಬೀಜ ಊರಿ, ಧಾರಾಳವಾಗಿ ನೀರು ಕೊಟ್ಟು ಹತ್ತು ದಿನ ನೋಡಿ. ಸೌತೆಯ ಸಸಿ ಪಿಥಿಯಂಗೆ ಬಹಳ ಬೇಗ ತುತ್ತಾಗುವ ಸಸಿ. ಉಪಚಾರ ಮಾಡಿದ ಕುಂಡದಲ್ಲಿ ಸಸಿಗಳು ನೆಟ್ಟಗೆ ನಿಂತಿದ್ದರೆ ಬಿತ್ತಬಹುದು. ಅಲ್ಲಿಯೂ ಮಲಗಿದರೆ ಬೆಲೆಬಾಳುವ ಔಷಧೀಯ ಬೀಜವನ್ನು ಆ ಮಡಿಗೆ ಹಾಕಬೇಡಿ. ಮೊಳಕೆಯೇ ಬಾರದೆ ಬೀಜ ಕಂದಿದ್ದರೆ ಬೇವಿನ ಹಿಂಡಿಯದೋ ಸಾಸಿವೆ ಸೊಪ್ಪಿನದೋ ಘಾಟು ಇನ್ನೂ ಆರಿಲ್ಲದಿರಬಹುದು, ಒಂದು ವಾರ ಕಾಯಿರಿ.

ಬೀಜೋಪಚಾರಕ್ಕೆ ನಾನು ಸೂಡೊಮೊನಾಸ್ ಫ್ಲೋರೆಸೆನ್ಸ್ ಎಂಬ ಬ್ಯಾಕ್ಟೀರಿಯಾವನ್ನು ಆರಿಸುತ್ತೇನೆ. ಟ್ರೈಕೋಡರ್ಮಾ ಮತ್ತು ಸೂಡೊಮೊನಾಸ್ ಒಟ್ಟಿಗೆ ಬಾಳುತ್ತವೆಯೇ ಎಂಬುದು ಆಯಾ ತಳಿಯನ್ನು ಅವಲಂಬಿಸಿದ ವಿಷಯ. ಕೆಲವು ಜೋಡಿಗಳು ಹೊಂದಿಕೊಳ್ಳುತ್ತವೆ, ಕೆಲವು ಒಂದನ್ನೊಂದು ತಡೆಯುತ್ತವೆ. ಒಂದು ಮಣ್ಣಿನಲ್ಲಿ, ಇನ್ನೊಂದು ಬೀಜದ ಮೇಲೆ ಎಂದು ಸ್ಥಳ ಹಂಚಿಕೊಟ್ಟರೆ ಈ ಗೊಂದಲ ಬಹುಮಟ್ಟಿಗೆ ತಪ್ಪುತ್ತದೆ. ಪ್ರತಿ ಕೆ.ಜಿ. ಬೀಜಕ್ಕೆ 10 ಗ್ರಾಂ ಪುಡಿಯ ಲೆಕ್ಕದಲ್ಲಿ, ಗಂಜಿನೀರಿನಂಥ ತೆಳು ಅಂಟಿನೊಂದಿಗೆ ಬೀಜಕ್ಕೆ ಸವರಿ, ನೆರಳಿನಲ್ಲಿ ಒಣಗಿಸಿ ಅದೇ ದಿನ ಬಿತ್ತಬೇಕು. ಅಶ್ವಗಂಧ ಮತ್ತು ನೆಲಬೇವಿನ ಬೀಜ ಬಹಳ ಸಣ್ಣವಾದ್ದರಿಂದ, ಉಪಚರಿಸಿದ ಬೀಜವನ್ನು ತೊಳೆದು ಒಣಗಿಸಿದ ಮರಳಿನಲ್ಲಿ ಬೆರೆಸಿ ಸಾಲಿನಲ್ಲಿ ತೆಳುವಾಗಿ ಬಿತ್ತಿ. ಒತ್ತೊತ್ತಾಗಿ ಬಿತ್ತಿದ ಮಡಿಯಲ್ಲಿ ಗಾಳಿಯಾಡದೆ ಬುಡ ಸದಾ ಒದ್ದೆಯಾಗಿರುತ್ತದೆ. ಅಂಥ ಕಡೆ ಯಾವ ಉಪಚಾರವೂ ಪೂರ್ತಿ ಉಳಿಸಲಾರದು. ಬೀಜವನ್ನು ಬಿಸಿನೀರಿನಲ್ಲಿ ಅದ್ದುವ ಪದ್ಧತಿ ತರಕಾರಿ ಬೀಜಗಳಿಗೆ ಒಗ್ಗುತ್ತದೆ, ಆದರೆ ಔಷಧೀಯ ಸಸ್ಯಗಳ ಬೀಜದ ಮೇಲೆ ಮಾಡುವ ಮೊದಲು ಒಂದು ಚಿಟಿಕೆ ಬೀಜದಲ್ಲಿ ಮೊಳಕೆ ಪರೀಕ್ಷೆ ನಡೆಸದೆ ಮುಂದುವರಿಯಬೇಡಿ.

ಕೋಲಿಯಸ್‌ನ ಕತೆ ಬೇರೆ. ಅದು ಕಡ್ಡಿಯಿಂದ ಬೆಳೆಯುವ ಗಿಡವಾದ್ದರಿಂದ ತಾಯಿಗಿಡದ ಆರೋಗ್ಯವೇ ಮೊದಲ ಉಪಚಾರ. ಈ ಗಿಡದ ಬೇರು ಕೊಳೆಯಲ್ಲಿ ಫ್ಯುಸೇರಿಯಂ ಕ್ಲಾಮಿಡೋಸ್ಪೋರಂ, ಮ್ಯಾಕ್ರೋಫೋಮಿನಾ, ರಾಲ್ಸ್ಟೋನಿಯಾ ಮತ್ತು ಬೇರುಗಂಟು ಜಂತುಹುಳು ಒಂದರ ಹಿಂದೊಂದು ಸೇರಿಕೊಳ್ಳುತ್ತವೆ. ಜಂತುಹುಳು ಕೊರೆದ ಗಾಯ ಉಳಿದವಕ್ಕೆ ಬಾಗಿಲಾಗುತ್ತದೆ. ಕಡ್ಡಿಯನ್ನು ಗಿಡದ ತುದಿಯಿಂದಲೇ, 10ರಿಂದ 12 ಸೆಂ.ಮೀ. ಉದ್ದಕ್ಕೆ, ಮೂರು ನಾಲ್ಕು ಜೋಡಿ ಎಲೆಗಳಿರುವಂತೆ ತೆಗೆಯಿರಿ. ನೆಲಕ್ಕೆ ತಾಗಿದ ಕೊಂಬೆ, ಮಣ್ಣು ಸಿಡಿದ ಕೊಂಬೆ ಬೇಡ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಚಾಕುವನ್ನು ಶೇ. 70ರ ಆಲ್ಕೋಹಾಲಿನಲ್ಲಿ ಒರೆಸಿ. ರಾಲ್ಸ್ಟೋನಿಯಾ ಹರಡುವುದರಲ್ಲಿ ಚಾಕುವಿನ ಪಾಲು ದೊಡ್ಡದು. ಕತ್ತರಿಸಿದ ಕಡ್ಡಿಗಳ ಬುಡವನ್ನು ಲೀಟರಿಗೆ 10 ಗ್ರಾಂ ಸೂಡೊಮೊನಾಸ್ ಬೆರೆಸಿದ ನೀರಿನಲ್ಲಿ 20ರಿಂದ 30 ನಿಮಿಷ ನಿಲ್ಲಿಸಿ ನೆಡಬಹುದು. ನೂರಾರು ಕಡ್ಡಿಗಳನ್ನು ಒಂದೇ ಬಕೆಟ್ಟಿನ ನೀರಿನಲ್ಲಿ ಅದ್ದುತ್ತಾ ಹೋದರೆ ರೋಗವಿರುವ ಒಂದೇ ಕಡ್ಡಿ ಎಲ್ಲಕ್ಕೂ ಅಂಟಿಸುತ್ತದೆ; ಆದ್ದರಿಂದ ಸಣ್ಣ ಕಟ್ಟುಗಳಾಗಿ ಮಾಡಿ, ಪ್ರತಿ ಕಟ್ಟಿಗೂ ಹೊಸ ದ್ರಾವಣ ಬಳಸಿ.

ಬೇರಿನಲ್ಲಿ ಗಂಟು ಕಂಡಿದ್ದರೆ ಮುಖ್ಯ ಹೊಲದ ಸಿದ್ಧತೆಯೂ ಬದಲಾಗಬೇಕು. ಬೇಸಿಗೆಯಲ್ಲಿ ಎರಡು ಮೂರು ಬಾರಿ ಆಳವಾಗಿ ಉಳುಮೆ ಮಾಡಿ ಮಣ್ಣನ್ನು ಬಿಸಿಲಿಗೊಡ್ಡುವುದು, ನಡುವೆ ಒಂದು ಬೆಳೆಯಾಗಿ ಚೆಂಡುಹೂವನ್ನು ಹೊಲದ ತುಂಬ ಬೆಳೆಯುವುದು, ನಾಟಿಗೆ ಎರಡು ವಾರ ಮೊದಲು ಚದರ ಮೀಟರಿಗೆ 100 ಗ್ರಾಂನಂತೆ ಬೇವಿನ ಹಿಂಡಿ ಸೇರಿಸುವುದು ಇವೆಲ್ಲ ಜಂತುಹುಳುವಿನ ಸಂಖ್ಯೆಯನ್ನು ತಗ್ಗಿಸುತ್ತವೆ. ಹಿಂಡಿಯನ್ನು ನಾಟಿಯ ದಿನವೇ ಗುಂಡಿಗೆ ಹಾಕಿದರೆ ಎಳೆ ಬೇರು ಕಂದುವ ಸಂಭವವಿದೆ.

ಮೈಕೋರೈಜಾ ಎಂಬ ಬೇರುಸ್ನೇಹಿ ಶಿಲೀಂಧ್ರದ ಬಗ್ಗೆಯೂ ಹೇಳಬೇಕು. ಅದು ರೋಗಾಣುವನ್ನು ಕೊಲ್ಲುವುದಿಲ್ಲ. ಬೇರಿನ ಒಳಕ್ಕೇ ಸೇರಿ ಜಾಗ ಹಿಡಿದು, ರಂಜಕ ಮತ್ತು ನೀರು ಒದಗಿಸಿ, ಗಿಡದ ತಾಳಿಕೆಯನ್ನು ಹೆಚ್ಚಿಸುತ್ತದೆ. ಬೇರು ಬಲಿತ ಮೇಲೆ ಕೊಟ್ಟು ಪ್ರಯೋಜನವಿಲ್ಲ, ಬೀಜದ ಕೆಳಗೆ ತೆಳುವಾದ ಪದರವಾಗಿ ಬಿದ್ದಿರಬೇಕು ಅಥವಾ ಕಡ್ಡಿ ನೆಡುವ ಕುಳಿಯಲ್ಲಿರಬೇಕು. ರಂಜಕದ ರಸಗೊಬ್ಬರವನ್ನು ಧಾರಾಳವಾಗಿ ಹಾಕಿದ ಮಡಿಯಲ್ಲಿ ಗಿಡ ಈ ಸ್ನೇಹವನ್ನು ಒಪ್ಪುವುದೇ ಇಲ್ಲ.

ನಾಟಿಯ ದಿನದ ವಿಷಯಕ್ಕೆ ಬರೋಣ. ನಿಮ್ಮ ಸಸಿಗಳು ಹೊಲಕ್ಕೆ ಹೋದ ತಿಂಗಳೊಳಗೆ ಸೊರಗಿದ್ದನ್ನು ನೋಡಿದರೆ, ಅವುಗಳಲ್ಲಿ ಕೆಲವಾದರೂ ಸಸಿಮಡಿಯಿಂದಲೇ ಸೋಂಕು ಹೊತ್ತು ಹೋಗಿರಬೇಕು. ಕೀಳುವ ಮುನ್ನ 7ರಿಂದ 10 ದಿನ ನೀರು ಕಡಿಮೆ ಮಾಡಿ ಸಸಿಗಳನ್ನು ಬಿಸಿಲಿಗೆ ಒಗ್ಗಿಸಿ. ಕೀಳುವಾಗ ಬುಡ ಕಂದಾದ, ಬೇರಿನಲ್ಲಿ ಗಂಟಿರುವ ಸಸಿಗಳನ್ನು ಆರಿಸಿ ತೆಗೆದು ಸುಟ್ಟುಹಾಕಿ; ಹೊಲದಲ್ಲಿ ಒಂದೆರಡು ಜಾಗ ಖಾಲಿ ಬೀಳುತ್ತದೆಂದು ಇವನ್ನು ನೆಡುವುದು ಬಹಳ ದುಬಾರಿಯಾದ ಉಳಿತಾಯ. ಒಳ್ಳೆಯ ಸಸಿಗಳ ಬೇರನ್ನು ಲೀಟರಿಗೆ 10 ಗ್ರಾಂ ಟ್ರೈಕೋಡರ್ಮಾ ಅಥವಾ ಸೂಡೊಮೊನಾಸ್ ಬೆರೆಸಿದ ದ್ರಾವಣದಲ್ಲಿ 30 ನಿಮಿಷ ಅದ್ದಿ, ನೆರಳಿನಲ್ಲಿ ನೀರು ಸೋರಲು ಬಿಟ್ಟು, ಸಂಜೆಯ ಹೊತ್ತು ನೆಡಿ. ಟ್ರೇ ಸಸಿಗಳಾದರೆ ಬೇರಿನ ಉಂಡೆ ಒಡೆಯದೆ ಟ್ರೇಯನ್ನೇ ದ್ರಾವಣದಲ್ಲಿ ಕೂರಿಸಬಹುದು. ಗುಂಡಿಗೆ ಒಂದು ಹಿಡಿ ಟ್ರೈಕೋಡರ್ಮಾ ಗೊಬ್ಬರ ಹಾಕಿ, ಸಸಿಮಡಿಯಲ್ಲಿ ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳಕ್ಕೆ ನೆಡಬೇಕು. ಬುಡದ ಕತ್ತನ್ನು ಮಣ್ಣಿನೊಳಕ್ಕೆ ಹೂತರೆ ರೈಜೋಕ್ಟೋನಿಯಾ ಮತ್ತು ಸ್ಕ್ಲೆರೋಷಿಯಂಗೆ ನೀವೇ ದಾರಿ ಮಾಡಿಕೊಟ್ಟಂತೆ. ನಾಟಿ ಏರುಮಡಿಯ ಮೇಲೆ ಇರಲಿ, ಏಕೆಂದರೆ ಮಳೆ ಬಂದ ಮೇಲೆ ನೀರು ಒಂದು ದಿನ ನಿಂತರೂ ಪಿಥಿಯಂನ ಈಜುವ ಬೀಜಕಣಗಳು ಸಾಲಿನುದ್ದಕ್ಕೂ ತಲುಪುತ್ತವೆ. ನೀರಿನ ಮೂಲವೂ ಮುಖ್ಯ: ಹೊಲಗಳಿಂದ ಬಸಿದು ಬಂದ ಕೆರೆ, ಕಾಲುವೆಯ ನೀರಿಗಿಂತ ಬಾವಿ ಅಥವಾ ಕೊಳವೆಬಾವಿಯ ನೀರು ಸಸಿಮಡಿಗೆ ಸುರಕ್ಷಿತ.

ರಾಸಾಯನಿಕವನ್ನು ಬಳಸಲೇಬಾರದೇ ಎಂದು ನೀವು ಕೇಳಬಹುದು. ಬೇರನ್ನೇ ಕೊಯ್ಯುವ ಅಶ್ವಗಂಧ, ಕೋಲಿಯಸ್‌ಗಳಿಗೆ ಕಾರ್ಬೆಂಡಜಿಮ್‌ನಂಥ ಅಂತರ್ವ್ಯಾಪಿ ಔಷಧಿಯಲ್ಲಿ ಬೇರು ಅದ್ದುವುದನ್ನು ನಾನು ಶಿಫಾರಸು ಮಾಡುವುದಿಲ್ಲ. ಸಸಿಮಡಿಯಲ್ಲಿ ಪಿಥಿಯಂ ಖಚಿತವಾಗಿದ್ದು ಹಬ್ಬುತ್ತಿದ್ದರೆ, ಆ ಬೆಳೆಗೆ ಅನುಮತಿ ಇರುವ ಔಷಧಿಯನ್ನು ಮಾತ್ರ, ಸಸಿ ಸತ್ತ ಜಾಗ ಮತ್ತು ಅದರ ಅಂಚಿಗೆ ಮಾತ್ರ, ಲೇಬಲ್ಲಿನ ಪ್ರಮಾಣದಲ್ಲಿ ಸುರಿದು, ಟ್ರೈಕೋಡರ್ಮಾವನ್ನು 15 ದಿನ ಬಿಟ್ಟು ಮತ್ತೆ ಕೊಡಬೇಕು. ತಾಮ್ರದ ಔಷಧಿ ಬಳಸಿದ ಕಡೆ ಸೂಡೊಮೊನಾಸ್‌ಗೂ ಇದೇ ಅಂತರ ಬೇಕು. ಒಂದು ಕಾಲಕ್ಕೆ ಮಣ್ಣಿಗೆಲ್ಲ ಮೀಥೈಲ್ ಬ್ರೋಮೈಡ್ ಅನಿಲ ಹಾಯಿಸಿ ರೋಗವನ್ನು ತೊಡೆದುಹಾಕುತ್ತಿದ್ದರು. ಓಝೋನ್ ಪದರಕ್ಕೆ ಹಾನಿ ಮಾಡುವುದರಿಂದ ಮಾಂಟ್ರಿಯಲ್ ಒಪ್ಪಂದದಡಿ ಅದನ್ನು ಮುಂದುವರಿದ ದೇಶಗಳಲ್ಲಿ 2005ಕ್ಕೆ, ಅಭಿವೃದ್ಧಿಶೀಲ ದೇಶಗಳಲ್ಲಿ 2015ಕ್ಕೆ ಹಂತಹಂತವಾಗಿ ಕೈಬಿಡಲಾಯಿತು. ಜಿನ್ಸೆಂಗ್ ಎಂಬ ಔಷಧೀಯ ಬೇರಿನ ಬೆಳೆಗಾರರ ಅನುಭವವನ್ನೂ ಇಲ್ಲಿ ನೆನೆಯಬೇಕು: ಒಮ್ಮೆ ಜಿನ್ಸೆಂಗ್ ಬೆಳೆದ ನೆಲದಲ್ಲಿ ಬೇರು ಕೊಳೆಯ ರೋಗಾಣು ಹಲವಾರು ವರ್ಷ ಉಳಿದು ಮರುನಾಟಿಯನ್ನು ಕೆಡಿಸುತ್ತದೆ, ಆದ್ದರಿಂದ ಅವರು ಪ್ರತಿ ಸಲ ಹೊಸ ನೆಲ ಹುಡುಕುತ್ತಾರೆ. ನೀವೂ ಒಂದೇ ಮಡಿಯಲ್ಲಿ, ಒಂದೇ ಹೊಲದಲ್ಲಿ ಅದೇ ಬೆಳೆಯನ್ನು ಮತ್ತೆ ಮತ್ತೆ ಹಾಕಬೇಡಿ. ಅಶ್ವಗಂಧದ ಹಿಂದೆ ಮುಂದೆ ಅದೇ ಕುಟುಂಬದ ಟೊಮೆಟೊ, ಬದನೆ, ಮೆಣಸಿನಕಾಯಿಯೂ ಬೇಡ.

ದಿನಗಳ ಲೆಕ್ಕ ಹೀಗಾಗುತ್ತದೆ. ಬಿತ್ತನೆಗೆ ಎರಡು ತಿಂಗಳಿರುವಾಗ ಮಡಿ ಕಟ್ಟಿ, ತೋಯಿಸಿ, ಹಾಳೆ ಹೊದಿಸಿ. ಹಾಳೆ ತೆಗೆಯುವುದಕ್ಕೆ ಎರಡು ವಾರ ಮೊದಲು ಟ್ರೈಕೋಡರ್ಮಾ ಗುಡ್ಡೆ ಹಾಕಿ. ಹಾಳೆ ತೆಗೆದ ಮೂರು ನಾಲ್ಕು ದಿನಕ್ಕೆ ಗೊಬ್ಬರ ಸೇರಿಸಿ ಅದೇ ದಿನ ಸೌತೆ ಬೀಜದ ಪರೀಕ್ಷೆಗೂ ಮಣ್ಣು ತೆಗೆದಿಡಿ. ಪರೀಕ್ಷೆ ಸರಿಯಾಗಿ ಬಂದ ಮೇಲೆ ಉಪಚರಿಸಿದ ಬೀಜ ಅಥವಾ ಕಡ್ಡಿ. ಒಂದು ಸಣ್ಣ ಮಡಿಯನ್ನು ಮಾತ್ರ ಯಾವ ಉಪಚಾರವೂ ಇಲ್ಲದೆ, ಉಳಿದವುಗಳಿಗೆ ಅದರ ನೀರು ಹರಿಯದಂಥ ಮೂಲೆಯಲ್ಲಿ ಬಿಟ್ಟು, ಎರಡರಲ್ಲೂ ಸತ್ತ ಸಸಿಗಳನ್ನು ವಾರಕ್ಕೊಮ್ಮೆ ಎಣಿಸಿ ಬರೆದಿಡಿ. ಎರಡೂ ಕಡೆ ಒಂದೇ ಪ್ರಮಾಣದಲ್ಲಿ ಸಸಿ ಸಾಯುತ್ತಿದ್ದರೆ ಉಪಚಾರದ ಪ್ರಮಾಣವನ್ನು ಹೆಚ್ಚಿಸಲು ಹೋಗದೆ, ಲೋಟದ ನೀರಿನ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ, ಸಸಿಗೆ ಕೊಡುತ್ತಿರುವ ನೀರನ್ನೂ ಬಾಡತೊಡಗಿದ ನಾಲ್ಕೈದು ಸಸಿಗಳನ್ನೂ ಹತ್ತಿರದ ಸಸ್ಯರೋಗ ಪ್ರಯೋಗಾಲಯಕ್ಕೆ ಕಳಿಸಿ.